ಒಂದು ಸಿಲಿಂಡರ್, 23 ನಿಮಿಷ: ಕೊರತೆಯ ರಾತ್ರಿಗಳಲ್ಲಿ ಆಸ್ಪತ್ರೆಯವರು ಹೇಗೆ ನಿಂತರು

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಆಸ್ಪತ್ರೆಯವರು ‘ಜಂಬೋ’ ಅಂತ ಕರೆಯುವ ದೊಡ್ಡ ಆಕ್ಸಿಜನ್ ಸಿಲಿಂಡರನ್ನು ನೋಡಿರುತ್ತೀರಿ. ಹೆಚ್ಚುಕಡಿಮೆ ಆಳೆತ್ತರ ಇರುತ್ತದೆ. ಅದರೊಳಗೆ ಸುಮಾರು 7,000 ಲೀಟರ್ ಆಕ್ಸಿಜನ್. ಈಗ ಒಂದು ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ 30 ಜನ ಕೋವಿಡ್ ರೋಗಿಗಳಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರಿಗೂ ನಿಮಿಷಕ್ಕೆ 10 ಲೀಟರ್ ಹೋಗುತ್ತಿದೆ. ಎಲ್ಲ ಸೇರಿ ನಿಮಿಷಕ್ಕೆ 300 ಲೀಟರ್. 7,000ವನ್ನು 300ರಿಂದ ಭಾಗಿಸಿದರೆ 23 ಬರುತ್ತದೆ.

ಅಷ್ಟು ದೊಡ್ಡ ಸಿಲಿಂಡರ್, 23 ನಿಮಿಷಕ್ಕೆ ಖಾಲಿ.

ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಡ್ಯೂಟಿ ಇರುವ ಸಿಸ್ಟರ್ ತಲೆಯಲ್ಲಿ ಈ ಲೆಕ್ಕ ಓಡುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ 31 ಸಿಲಿಂಡರ್ ಬೇಕು. ಸ್ಟೋರಿನಲ್ಲಿ 20 ಇವೆ. ಗಾಡಿ ಇನ್ನೂ ಬಂದಿಲ್ಲ. ಇದರ ನಡುವೆಯೇ ಡ್ರಿಪ್ ಬದಲಿಸಬೇಕು, ಇಂಜೆಕ್ಷನ್ ಕೊಡಬೇಕು, ಹೆದರಿದ ಅಜ್ಜನ ಕೈ ಹಿಡಿದು ಏನೂ ಆಗಲ್ಲ ಅಂತ ಹೇಳಬೇಕು.

2021ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ದೇಶದ ಎಷ್ಟೋ ವಾರ್ಡುಗಳಲ್ಲಿ ರಾತ್ರಿಗಳು ಹೀಗೇ ಕಳೆದವು. ಆ ದಿನಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ‘ಅವರು ದೇವರಂಥವರು, ಅವರ ಧೈರ್ಯ ದೊಡ್ಡದು’ ಅನ್ನುತ್ತೇವೆ. ಮಾತು ನಿಜವೇ. ಆದರೆ ಅಲ್ಲಿಗೇ ನಿಲ್ಲಿಸಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಕೊರತೆಯ ನಡುವೆ ಕೆಲವು ಕಡೆ ಆಸ್ಪತ್ರೆಯವರು ಕುಸಿಯದೆ ನಿಂತರು, ಕೆಲವು ಕಡೆ ಒಳಗೊಳಗೇ ಮುರಿದುಹೋದರು. ಧೈರ್ಯ ಎರಡೂ ಕಡೆ ಇತ್ತು. ವ್ಯತ್ಯಾಸ ಎಲ್ಲಿತ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಆಕ್ಸಿಜನ್ ಯಾಕೆ ಸಿಗಲಿಲ್ಲ

ಗಾಳಿಯಲ್ಲಿ ಆಕ್ಸಿಜನ್ ಬೇಕಾದಷ್ಟಿದೆ. ಕಷ್ಟ ಇರುವುದು ಅದನ್ನು ಬೇರ್ಪಡಿಸಿ ರೋಗಿಯ ಮೂಗಿನವರೆಗೆ ತರುವುದರಲ್ಲಿ. ದೊಡ್ಡ ಪ್ರಮಾಣದ ಆಕ್ಸಿಜನ್ ತಯಾರಾಗುವುದು ಹೆಚ್ಚಾಗಿ ಉಕ್ಕಿನ ಕಾರ್ಖಾನೆಗಳ ಹತ್ತಿರ. ಅಲ್ಲಿ ಗಾಳಿಯನ್ನು ವಿಪರೀತ ತಣ್ಣಗೆ ಮಾಡಿ, ಮೈನಸ್ 183 ಡಿಗ್ರಿಯ ಆಸುಪಾಸಿನಲ್ಲಿ ಆಕ್ಸಿಜನ್ನನ್ನು ದ್ರವವಾಗಿ ಇಳಿಸುತ್ತಾರೆ. ಈ ದ್ರವ ಒಂದು ಲೀಟರ್ ಇದ್ದರೆ ಸುಮಾರು 860 ಲೀಟರ್ ಅನಿಲ ಆಗುತ್ತದೆ. ಹಾಗಾಗಿ ಸಾಗಿಸಲು ದ್ರವವೇ ಅನುಕೂಲ. ಆದರೆ ಅಷ್ಟು ತಣ್ಣನೆಯ ದ್ರವವನ್ನು ಮಾಮೂಲಿ ಟ್ಯಾಂಕರ್‌ನಲ್ಲಿ ತರಲು ಆಗುವುದಿಲ್ಲ. ಅದಕ್ಕೆ ವಿಶೇಷ ಟ್ಯಾಂಕರ್ ಬೇಕು, ಅವು ದೇಶದಲ್ಲಿ ಇದ್ದದ್ದೇ ಕಡಿಮೆ. ಕೊನೆಗೆ ನೈಟ್ರೋಜನ್, ಆರ್ಗಾನ್ ಸಾಗಿಸುವ ಟ್ಯಾಂಕರ್‌ಗಳನ್ನೂ ಬದಲಾಯಿಸಿ ಬಳಸಬೇಕಾಯಿತು.

ಮೊದಲ ಅಲೆಯಲ್ಲಿ ದೇಶದ ವೈದ್ಯಕೀಯ ಆಕ್ಸಿಜನ್ ಬೇಡಿಕೆ ಅತಿ ಹೆಚ್ಚು ಅಂದರೆ ದಿನಕ್ಕೆ 3,095 ಟನ್ ಮುಟ್ಟಿತ್ತು. ಎರಡನೇ ಅಲೆಯಲ್ಲಿ ಅದು ಸುಮಾರು 9,000 ಟನ್‌ಗೆ ಏರಿತು. ಮೂರು ಪಟ್ಟು, ಅದೂ ಕೆಲವೇ ವಾರಗಳಲ್ಲಿ.

ಕರ್ನಾಟಕದ ಪಾಲಿಗೆ ಬಳ್ಳಾರಿ ಕಡೆಯ ತೋರಣಗಲ್ಲಿನಂಥ ಜಾಗಗಳಲ್ಲಿ ಆಕ್ಸಿಜನ್ ತಯಾರಾಗುತ್ತಿತ್ತು. ಆದರೂ ಸಾಲಲಿಲ್ಲ. 2021ರ ಮೇ 5ರಂದು ರಾಜ್ಯದ ಹೈಕೋರ್ಟ್, ಕರ್ನಾಟಕಕ್ಕೆ ಕೊಡುವ ಪಾಲನ್ನು ದಿನಕ್ಕೆ 965 ಟನ್‌ನಿಂದ 1,200 ಟನ್‌ಗೆ ಏರಿಸಿ ಅಂತ ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ 7ರಂದು ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ತಾನು ಕೈಹಾಕುವುದಿಲ್ಲ ಎಂದಿತು. ಮೇ 11ರಂದು ಜಮ್‌ಶೆಡ್‌ಪುರದಿಂದ 120 ಟನ್ ಹೊತ್ತ ಮೊದಲ ಆಕ್ಸಿಜನ್ ರೈಲು ಬೆಂಗಳೂರಿನ ವೈಟ್‌ಫೀಲ್ಡಿಗೆ ಬಂತು.

ಆದರೆ ಅದಕ್ಕೂ ಮೊದಲೇ, ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಗಬಾರದ್ದು ಆಗಿಹೋಗಿತ್ತು. ಅಲ್ಲಿಗೆ ತುಂಬಿದ ಸಿಲಿಂಡರ್ ಬರಬೇಕಿದ್ದದ್ದು ಮೈಸೂರಿನಿಂದ. ಒಂದು ದಿನದೊಳಗೆ 24 ಜನ ತೀರಿಕೊಂಡ ಸುದ್ದಿ ಮರುದಿನ ಇಡೀ ರಾಜ್ಯವನ್ನು ನಡುಗಿಸಿತು. ಯಾರ ತಪ್ಪು, ಎಷ್ಟು ಸಾವು ಆಕ್ಸಿಜನ್ ಇಲ್ಲದೆ ಆದದ್ದು ಅಂತ ಆಮೇಲೆ ವಿಚಾರಣೆಗಳು ನಡೆದವು. ನನ್ನನ್ನು ಇವತ್ತಿಗೂ ಕಾಡುವುದು ಆ ವಾರ್ಡಿನಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದವರು. ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ಮಾಡಲು ಬೇಕಾದದ್ದು ಕೈಯಲ್ಲಿರಲಿಲ್ಲ.

ಉಳಿಸುವುದೂ ಒಂದು ಚಿಕಿತ್ಸೆ

ಇರುವಷ್ಟರಲ್ಲಿ ಸಾಗಿಸುವುದು ಅಂದರೆ ಸುಮ್ನೆ ಹೊಟ್ಟೆ ಕಟ್ಟುವುದು ಅಂತ ನಾವು ತಿಳಿಯುತ್ತೇವೆ. ಆಸ್ಪತ್ರೆಯಲ್ಲಿ ಹಾಗೆ ಮಾಡಿದರೆ ಜೀವ ಹೋಗುತ್ತದೆ. ಎಲ್ಲಿ ಕಡಿಮೆ ಮಾಡಬಹುದು, ಎಲ್ಲಿ ಮಾಡಲೇಬಾರದು ಅನ್ನುವುದಕ್ಕೆ ತಿಳಿವಳಿಕೆ ಬೇಕು.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಆಗ ಮನೆಮನೆಗೂ ಬಂದಿತ್ತು ಅಲ್ವಾ? ಅದರಲ್ಲಿ 99 ಕಂಡರೆ ನಮಗೆ ಸಮಾಧಾನ, 94 ಕಂಡರೆ ಗಾಬರಿ. ಆ ಸಂಖ್ಯೆಯ ಅರ್ಥ ಇಷ್ಟೇ: ರಕ್ತದಲ್ಲಿ ಆಕ್ಸಿಜನ್ ಹೊರುವ 100 ಸೀಟುಗಳಿದ್ದರೆ ಎಷ್ಟು ಭರ್ತಿಯಾಗಿವೆ ಅಂತ. 94 ತುಂಬಿದ್ದರೆ ದೇಹದ ಕೆಲಸ ನಡೆಯುತ್ತದೆ. ಆಕ್ಸಿಜನ್ ಕೊಡುತ್ತಿರುವ ರೋಗಿಗೆ ಉಳಿದ ನಾಲ್ಕೈದು ಸೀಟು ತುಂಬಿಸಲು ಫ್ಲೋ ಮೀಟರ್ ತಿರುಗಿಸುತ್ತಾ ಹೋದರೆ ಲೀಟರ್‌ಗಟ್ಟಲೆ ಖರ್ಚಾಗುತ್ತದೆ, ರೋಗಿಗೆ ಅದರಿಂದ ಹೇಳಿಕೊಳ್ಳುವ ಲಾಭ ಇಲ್ಲ. ಅದೇ 90ರ ಕೆಳಗೆ ಜಾರಿದರೆ ಪರಿಸ್ಥಿತಿ ಬೇಗ ಕೈಮೀರುತ್ತದೆ. ಅದಕ್ಕೇ ದೇಶದ ಚಿಕಿತ್ಸಾ ಮಾರ್ಗಸೂಚಿ ಸಾಮಾನ್ಯ ಕೋವಿಡ್ ರೋಗಿಗೆ 92ರಿಂದ 96ರ ಗುರಿ ಇಟ್ಟಿತ್ತು.

ಇದನ್ನು ನಮ್ಮ 30 ಹಾಸಿಗೆಯ ವಾರ್ಡಿಗೆ ಅನ್ವಯಿಸಿ ನೋಡಿ. ಪ್ರತಿ ರೋಗಿಯ ಹತ್ತಿರ ಹೋಗಿ, ಸ್ಯಾಚುರೇಷನ್ (ಆಕ್ಸಿಮೀಟರ್ ತೋರಿಸುವ ಆ ಸಂಖ್ಯೆ) ನೋಡಿ, ಸಾಧ್ಯ ಇರುವವರಿಗೆ ಸ್ವಲ್ಪ ಸ್ವಲ್ಪ ತಗ್ಗಿಸುತ್ತಾ ಬಂದು, ಸರಾಸರಿ 10 ಲೀಟರ್ ಇದ್ದದ್ದು 8ಕ್ಕೆ ಇಳಿಯಿತು ಅಂದುಕೊಳ್ಳಿ. ರಾತ್ರಿಗೆ ಬೇಕಾದ 31 ಸಿಲಿಂಡರ್ 25 ಆಗುತ್ತದೆ. ಆರು ಸಿಲಿಂಡರ್ ಉಳಿಯಿತು. ಯಾರಿಗೂ ಏನೂ ಕಡಿಮೆ ಆಗಲಿಲ್ಲ. ಆದರೆ ಈ ಕೆಲಸಕ್ಕೆ ಒಬ್ಬರು ರಾತ್ರಿಯಿಡೀ ಹಾಸಿಗೆಯಿಂದ ಹಾಸಿಗೆಗೆ ತಿರುಗುತ್ತಲೇ ಇರಬೇಕು. 30 ರೋಗಿಗಳಿಗೆ ಇಬ್ಬರೇ ಸಿಸ್ಟರ್ ಇದ್ದರೆ ಇದು ಸಾಧ್ಯವಾ? ಆಕ್ಸಿಜನ್ ಉಳಿಸಬೇಕು ಅಂದರೂ ಜನ ಬೇಕು. ಕೈಗಳು ಕಡಿಮೆ ಇದ್ದ ಕಡೆಯೇ ಆಕ್ಸಿಜನ್ ಜಾಸ್ತಿ ಪೋಲಾಗುತ್ತದೆ.

ಪೋಲಾಗುವುದು ಹೇಗೆ ಅಂದರೆ, ಊಟಕ್ಕೆ, ಬಾತ್‌ರೂಮಿಗೆ ಎದ್ದ ರೋಗಿ ಮಾಸ್ಕ್ ಬಿಚ್ಚಿ ದಿಂಬಿನ ಮೇಲಿಟ್ಟಿರುತ್ತಾರೆ. ಅದು ಸುಯ್ ಅಂತ ದಿಂಬಿಗೇ ಗಾಳಿ ಹಾಕುತ್ತಿರುತ್ತದೆ. ಪೈಪಿನ ಜೋಡಣೆ ಸಡಿಲವಾಗಿರುತ್ತದೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿರುವುದಿಲ್ಲ. ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳಲು ಪ್ರತ್ಯೇಕವಾಗಿ ‘ಆಕ್ಸಿಜನ್ ನರ್ಸ್’ ಅಂತಲೇ ನೇಮಿಸಿದರು. ಅಲ್ಲಿನ ಆಗಿನ ಜಿಲ್ಲಾಧಿಕಾರಿ ರಾಜೇಂದ್ರ ಭಾರುಡ್ ಸ್ವತಃ ವೈದ್ಯರು. ಮೊದಲ ಅಲೆಯ ಹೊತ್ತಿನಲ್ಲಿ, 2020ರ ಸೆಪ್ಟೆಂಬರ್‌ನಲ್ಲೇ, ಗಾಳಿಯಿಂದ ನೇರವಾಗಿ ಆಕ್ಸಿಜನ್ ತೆಗೆಯುವ ಘಟಕವನ್ನು ಆಸ್ಪತ್ರೆಯಲ್ಲಿ ಹಾಕಿಸಿದ್ದರು. ಆಮೇಲೆ ಇನ್ನಷ್ಟು ಸೇರಿದವು. ಆದಿವಾಸಿಗಳೇ ಹೆಚ್ಚಿರುವ, ರಾಜ್ಯದ ತೀರಾ ಹಿಂದುಳಿದ ಜಿಲ್ಲೆಗಳಲ್ಲಿ ಒಂದು ಅದು. ಎರಡನೇ ಅಲೆಯಲ್ಲಿ ದೊಡ್ಡ ನಗರಗಳು ಒದ್ದಾಡುತ್ತಿದ್ದಾಗ ಅಲ್ಲಿನ ಸಿಬ್ಬಂದಿ ಅಷ್ಟರಮಟ್ಟಿಗೆ ಉಸಿರಾಡುವಂತಿತ್ತು.

ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ರೋಗಿಯನ್ನು ಬೋರಲಾಗಿ ಮಲಗಿಸುವುದು. ನಾವು ಬೆನ್ನ ಮೇಲೆ ಮಲಗಿದಾಗ ಹೃದಯದ, ಹೊಟ್ಟೆಯ ಭಾರ ಶ್ವಾಸಕೋಶದ ಹಿಂಭಾಗವನ್ನು ಒತ್ತುತ್ತದೆ. ಶ್ವಾಸಕೋಶದ ದೊಡ್ಡ ಪಾಲು ಇರುವುದು ಆ ಕಡೆಗೇ. ಬೋರಲಾದಾಗ ಆ ಭಾಗ ಅರಳಿಕೊಳ್ಳುತ್ತದೆ, ಅದೇ ಆಕ್ಸಿಜನ್‌ನಲ್ಲಿ ಸ್ಯಾಚುರೇಷನ್ ಮೇಲೇರುತ್ತದೆ. ವೆಂಟಿಲೇಟರ್ ಮೇಲಿರುವ, ಶ್ವಾಸಕೋಶ ತೀರಾ ಕೆಟ್ಟ ರೋಗಿಗಳಲ್ಲಿ ಇದರಿಂದ ಸಾವು ಕಡಿಮೆಯಾಗುತ್ತದೆ ಅಂತ 2013ರಲ್ಲೇ ಫ್ರಾನ್ಸಿನ ವೈದ್ಯರ ದೊಡ್ಡ ಅಧ್ಯಯನ ತೋರಿಸಿತ್ತು. ಕೋವಿಡ್‌ನಲ್ಲಿ ಎಚ್ಚರ ಇರುವ ರೋಗಿಗಳಿಗೂ ಇದನ್ನು ಮಾಡಿಸಿದರು. ಹೇಳುವುದು ಸುಲಭ. ದಪ್ಪ ಮೈಯ, ದಣಿದ, ಉಸಿರು ಸಾಲದ ಮನುಷ್ಯನನ್ನು ಬೋರಲು ತಿರುಗಿಸಿ, ದಿಂಬು ಕೊಟ್ಟು, ಪೈಪು ಕಳಚದಂತೆ ನೋಡಿಕೊಂಡು, ‘ಇನ್ನೊಂದು ಅರ್ಧ ಗಂಟೆ ಇರಿ ಯಜಮಾನ್ರೇ’ ಅಂತ ಒಪ್ಪಿಸುವುದು ಸುಲಭ ಅಲ್ಲ. ವೆಂಟಿಲೇಟರ್ ರೋಗಿಯಾದರೆ ನಾಲ್ಕೈದು ಜನ ಒಟ್ಟಿಗೆ ಕೈಹಾಕಬೇಕು. ಅದೂ ಪಿಪಿಇ, ಅಂದರೆ ಮೈಪೂರ್ತಿ ಮುಚ್ಚುವ ರಕ್ಷಣಾ ಉಡುಪಿನ ಒಳಗೆ ಬೆವರು ಇಳಿಯುತ್ತಿರುವಾಗ.

ಪಿಪಿಇ ಅಂದಾಗ 2020ರ ಮಾತೂ ಬರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅದೂ ಇರಲಿಲ್ಲ. ದೇಶದ ಕೆಲವು ಕಡೆ ವೈದ್ಯರು ರೇನ್‌ಕೋಟ್ ಹಾಕಿಕೊಂಡು, ಬೈಕಿನ ಹೆಲ್ಮೆಟ್ ಇಟ್ಟುಕೊಂಡು ರೋಗಿಗಳನ್ನು ನೋಡಿದರು. ಆಮೇಲೆ ಗಾರ್ಮೆಂಟ್ಸ್ ಕಾರ್ಖಾನೆಗಳು ಹೊಲಿಗೆ ಬದಲಿಸಿಕೊಂಡವು. ಬೆಂಗಳೂರು ಈ ಗೌನುಗಳ ದೊಡ್ಡ ಕೇಂದ್ರವೇ ಆಯಿತು. ಹೊಲಿಗೆಯ ತೂತುಗಳಿಂದ ದ್ರವ ಒಳಗೆ ಬರದಂತೆ ಮೇಲೆ ಬಿಸಿ ಟೇಪು ಹಚ್ಚಬೇಕು. ಆ ಟೇಪು, ಆ ಮೆಷಿನ್ ಸಿಗದೆ ಎಷ್ಟೋ ಕೆಲಸ ತಡವಾಯಿತು. ಮೇ ತಿಂಗಳ ಹೊತ್ತಿಗೆ ದೇಶ ದಿನಕ್ಕೆ 2 ಲಕ್ಷ ಪಿಪಿಇ ಮಾಡುತ್ತಿತ್ತು.

ಎನ್‌95 ಮಾಸ್ಕಿನ ಕತೆ ಇನ್ನೂ ಸೂಕ್ಷ್ಮ. ಅದರ ಬಟ್ಟೆಯಲ್ಲಿ ಸ್ಥಿರ ವಿದ್ಯುತ್ ಕೂರಿಸಿರುತ್ತಾರೆ. ಬಾಚಣಿಗೆ ತಲೆಗೆ ಉಜ್ಜಿದರೆ ಕಾಗದದ ಚೂರು ಅಂಟುತ್ತದಲ್ಲ, ಹಾಗೆ ಅದು ಸಣ್ಣ ಕಣಗಳನ್ನು ಹಿಡಿದುಕೊಳ್ಳುತ್ತದೆ. ಸೋಪು, ಸ್ಪಿರಿಟ್ ಹಾಕಿ ತೊಳೆದರೆ ಆ ಶಕ್ತಿ ಹೋಗುತ್ತದೆ. ನೋಡಲು ಸ್ವಚ್ಛ, ಕಾಪಾಡುವ ಗುಣ ಕಡಿಮೆ. ಈ ಬಟ್ಟೆಯ ತಂತ್ರವನ್ನು ರೂಪಿಸಿದ ವಿಜ್ಞಾನಿ ಪೀಟರ್ ತ್ಸೈ ಆಗ ನಿವೃತ್ತರಾಗಿದ್ದರು. 2020ರಲ್ಲಿ ಮತ್ತೆ ಕೆಲಸಕ್ಕೆ ಕೂತು, ಮಾಸ್ಕನ್ನು ಹಾಳುಮಾಡದೆ ಮತ್ತೆ ಬಳಸುವುದು ಹೇಗೆ ಅಂತ ಹುಡುಕಿದರು. ನಾಲ್ಕೈದು ಮಾಸ್ಕ್ ಇಟ್ಟುಕೊಂಡು, ಒಂದೊಂದನ್ನು ಕಾಗದದ ಕವರಿನಲ್ಲಿ ಕೆಲವು ದಿನ ಬಿಟ್ಟು, ಸರದಿಯ ಮೇಲೆ ಬಳಸುವ ಪದ್ಧತಿ ಎಷ್ಟೋ ಆಸ್ಪತ್ರೆಗಳಿಗೆ ದಾರಿಯಾಯಿತು. ಕಾರಣ ಗೊತ್ತಿದ್ದವರು ಕವರಿನ ಮೇಲೆ ದಿನಾಂಕ ಬರೆದಿಟ್ಟರು. ಗೊತ್ತಿಲ್ಲದವರು ತೊಳೆದು ಒಣಹಾಕಿ, ಸುರಕ್ಷಿತ ಅಂದುಕೊಂಡು ವಾರ್ಡಿಗೆ ಹೋದರು. ಇಬ್ಬರದೂ ಒಂದೇ ಧೈರ್ಯ. ಕಾಪಾಡಿದ್ದು ಸರಿಯಾದ ಸಮಯಕ್ಕೆ ತಲುಪಿದ ಮಾಹಿತಿ.

ಮನಸ್ಸು ಸೋಲುವ ಜಾಗ

ಮೈ ದಣಿದರೆ ನಿದ್ದೆ ಮಾಡಿ ಏಳಬಹುದು. ಇಲ್ಲಿ ಬೇರೆ ಥರದ ದಣಿವೂ ಇದೆ.

1984ರಲ್ಲಿ ಅಮೆರಿಕದ ಆ್ಯಂಡ್ರ್ಯೂ ಜೇಮ್ಟನ್ ಎಂಬ ತತ್ತ್ವಶಾಸ್ತ್ರಜ್ಞರು ನರ್ಸುಗಳ ಬಗ್ಗೆ ಬರೆಯುವಾಗ ಒಂದು ಸಂಕಟವನ್ನು ಗುರುತಿಸಿದರು. ಯಾವುದು ಸರಿ ಅಂತ ನರ್ಸಿಗೆ ಗೊತ್ತಿದೆ. ಆದರೆ ಅವರು ಕೆಲಸ ಮಾಡುವ ವ್ಯವಸ್ಥೆ ಅದನ್ನು ಮಾಡಲು ಬಿಡುವುದಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡ ನೋವು ಅದು. ಭಯ ಬೇರೆ, ಇದು ಬೇರೆ. ಭಯ ಅಪಾಯ ಕಳೆದ ಮೇಲೆ ಇಳಿಯುತ್ತದೆ. ಈ ನೋವು ಮನೆಗೆ ಬಂದ ಮೇಲೆ, ರೋಗ ಹೋದ ಮೇಲೆ ಏಳುತ್ತದೆ. ‘ಆ ಹಾಸಿಗೆಯವರಿಗೆ ಇನ್ನೊಂದು ಹತ್ತು ನಿಮಿಷ ಕೊಟ್ಟಿದ್ದರೆ?’

ಕೋವಿಡ್‌ನಲ್ಲಿ ಇದಕ್ಕೆ ಕಾರಣಗಳು ಒಂದೆರಡಲ್ಲ. ಒಂದೇ ಐಸಿಯು ಹಾಸಿಗೆ, ಬಾಗಿಲಲ್ಲಿ ಮೂರು ಆಂಬ್ಯುಲೆನ್ಸ್. ಮೂಗಿನ ಮೂಲಕ ಜೋರಾಗಿ ಆಕ್ಸಿಜನ್ ಕೊಡುವ ಯಂತ್ರಕ್ಕೆ ನಿಮಿಷಕ್ಕೆ 60 ಲೀಟರ್‌ವರೆಗೂ ಬೇಕು. ಒಬ್ಬರಿಗೆ ಅದನ್ನು ಹಾಕಿದರೆ ಆರು ಜನರ ಪಾಲು ಹೋಗುತ್ತದೆ, ಒಂದು ಜಂಬೋ ಎರಡು ಗಂಟೆಯೂ ಬರುವುದಿಲ್ಲ. ಹಾಗಾದರೆ ಹಾಕಬೇಕಾ, ಬೇಡವಾ? ಮನೆಯವರು ಹೊರಗೆ ನಿಂತಿದ್ದಾರೆ, ಒಳಗೆ ಬಿಡುವ ಹಾಗಿಲ್ಲ. ಕೊನೆಯ ಮಾತಿಗೆ ಸಿಸ್ಟರ್ ತಮ್ಮದೇ ಫೋನಿನಲ್ಲಿ ವಿಡಿಯೋ ಕಾಲ್ ಮಾಡಿ, ಗ್ಲೌಸಿನ ಕೈಯಲ್ಲಿ ಹಿಡಿದು ನಿಂತಿದ್ದಾರೆ. ಆ ಕಡೆ ಅಳುತ್ತಿರುವ ಮಗನಿಗೆ ಏನು ಹೇಳಬೇಕು ಅಂತ ಯಾವ ನರ್ಸಿಂಗ್ ಕಾಲೇಜಿನ ಪಾಠದಲ್ಲಿತ್ತು?

ಇಟಲಿಯವರಿಗೆ ಇದು ನಮಗಿಂತ ಮೊದಲೇ ಬಂತು. 2020ರ ಮಾರ್ಚ್‌ನಲ್ಲಿ ಲೊಂಬಾರ್ಡಿಯ ಆಸ್ಪತ್ರೆಗಳು ತುಂಬಿ ತುಳುಕಿದಾಗ, ಅಲ್ಲಿನ ಅರಿವಳಿಕೆ ಮತ್ತು ತೀವ್ರ ನಿಗಾ ವೈದ್ಯರ ಸಂಘ ಒಂದು ಮಾರ್ಗಸೂಚಿ ಹೊರಡಿಸಿತು. ಹಾಸಿಗೆ ಸಾಲದಿದ್ದರೆ ಯಾರಿಗೆ ಮೊದಲು ಅಂತ ಅದು ಹೇಳುತ್ತಿತ್ತು. ವಯಸ್ಸಿನ ಮಿತಿ ಇಡಬೇಕಾಗಬಹುದು ಎಂದದ್ದಕ್ಕೆ ದೊಡ್ಡ ವಾದವೇ ನಡೆಯಿತು, ನಡೆಯಬೇಕಾದದ್ದೇ. ಆದರೆ ಅದರಲ್ಲಿ ಬರೆದಿದ್ದ ಒಂದು ಉದ್ದೇಶ ನನಗೆ ಮುಖ್ಯ ಅನ್ನಿಸುತ್ತದೆ: ಒಬ್ಬೊಬ್ಬ ರೋಗಿಯ ವಿಷಯದಲ್ಲಿ ಇಂಥ ತೀರ್ಮಾನ ತೆಗೆದುಕೊಳ್ಳುವ ಭಾರದ ಒಂದು ಪಾಲನ್ನು ಹಾಸಿಗೆಯ ಪಕ್ಕ ನಿಂತಿರುವ ವೈದ್ಯರ ಹೆಗಲಿನಿಂದ ಇಳಿಸುವುದು. ಮಧ್ಯರಾತ್ರಿ ಎರಡು ಗಂಟೆಗೆ ಒಬ್ಬ ಹೌಸ್ ಸರ್ಜನ್ ಹುಡುಗಿ ಒಬ್ಬಳೇ ಆ ತೀರ್ಮಾನ ಮಾಡಿದರೆ ಅದು ಅವಳ ಜೀವಮಾನದ ಹೊರೆ. ಹಿರಿಯರ ತಂಡ, ಬರೆದಿಟ್ಟ ನಿಯಮದ ಪ್ರಕಾರ ಮಾಡಿದರೆ ದುಃಖ ಇದ್ದೇ ಇರುತ್ತದೆ, ‘ನಾನೇ ಕೊಂದೆ’ ಅನ್ನುವ ಮಾತು ತಲೆಯಲ್ಲಿ ಕೂರುವುದು ಕಡಿಮೆ.

ಎಷ್ಟು ಬಾಗಬಹುದು

ಹೈಸ್ಕೂಲಿನ ವಿಜ್ಞಾನ ಪಾಠದ ‘ಸ್ಥಿತಿಸ್ಥಾಪಕತ್ವ’ ನೆನಪಿದೆಯಾ? ಸ್ಪ್ರಿಂಗ್ ಎಳೆದು ಬಿಟ್ಟರೆ ಮೊದಲಿನ ಹಾಗೇ ಆಗುತ್ತದೆ. ಕಷ್ಟದಲ್ಲಿ ಬಾಗಿ ಮತ್ತೆ ಎದ್ದು ನಿಲ್ಲುವವರನ್ನು ಹೊಗಳುವಾಗ ಎಲ್ಲರ ಮನಸ್ಸಿನಲ್ಲಿ ಇರುವುದು ಇದೇ ಚಿತ್ರ. ಆದರೆ ಅದೇ ಪಾಠದಲ್ಲಿ ಇನ್ನೊಂದು ಮಾತೂ ಇತ್ತು. ಒಂದು ಮಿತಿ ಮೀರಿ ಎಳೆದರೆ ಸ್ಪ್ರಿಂಗ್ ಹಿಂದಕ್ಕೆ ಬರುವುದಿಲ್ಲ. ‘ತಾಳಿದವನು ಬಾಳಿಯಾನು’ ಅಂತ ಹೇಳುತ್ತಾ ಬಂದ ನಮಗೆ ಈ ಎರಡನೇ ಮಾತು ಬೇಗ ಮರೆತುಹೋಗುತ್ತದೆ.

ಆ ಮಿತಿ ಎಲ್ಲಿದೆ ಅನ್ನುವುದಕ್ಕೆ ಹಳೆಯ ಪುರಾವೆ ಇದೆ. 2003ರಲ್ಲಿ ಕೆನಡಾದ ಟೊರಾಂಟೊ ನಗರಕ್ಕೆ ಸಾರ್ಸ್ ಎಂಬ, ಕೋವಿಡ್‌ನಂಥದೇ ಉಸಿರಾಟದ ಸೋಂಕು ಬಂತು. ರಾಬರ್ಟ್ ಮಾಂಡರ್ ಎಂಬ ಮನೋವೈದ್ಯರ ತಂಡ ಒಂದರಿಂದ ಎರಡು ವರ್ಷದ ಬಳಿಕ ಅಲ್ಲಿನ ಆಸ್ಪತ್ರೆ ಸಿಬ್ಬಂದಿಯನ್ನು ವಿಚಾರಿಸಿತು. ಸಾರ್ಸ್ ರೋಗಿಗಳನ್ನು ನೋಡದ ಪಕ್ಕದ ಊರಿನ ಆಸ್ಪತ್ರೆಗಳ ಜೊತೆ ಹೋಲಿಸಿತು. ಸಾರ್ಸ್ ನೋಡಿದವರಲ್ಲಿ ಸುಸ್ತು, ಮನಸ್ಸಿನ ಕಳವಳ ಇನ್ನೂ ಹೆಚ್ಚಾಗಿಯೇ ಇತ್ತು. ಕೆಲವರು ರೋಗಿಗಳ ಜೊತೆಗಿನ ಕೆಲಸ ಕಡಿಮೆ ಮಾಡಿಕೊಂಡಿದ್ದರು. ಹೆಚ್ಚು ವರ್ಷ ಕೆಲಸ ಮಾಡಿದ ಅನುಭವ ಇದ್ದವರು ಕಡಿಮೆ ನಲುಗಿದ್ದರು. ಜೊತೆಗೆ ‘ನಮಗೆ ಸಾಕಷ್ಟು ತರಬೇತಿ ಕೊಟ್ಟರು, ರಕ್ಷಣೆ ಕೊಟ್ಟರು, ಬೆನ್ನಿಗೆ ನಿಂತರು’ ಅಂತ ಅನ್ನಿಸಿದವರೂ. ಗಮನಿಸಿ, ತರಬೇತಿಯಾಗಲಿ ರಕ್ಷಣೆಯಾಗಲಿ ಯಾರೂ ಮನೆಯಿಂದ ತರುವ ಸಾಮಾನಲ್ಲ. ಆಸ್ಪತ್ರೆ ಕೊಡಬೇಕಾದದ್ದು, ಸರ್ಕಾರ ಕೊಡಬೇಕಾದದ್ದು.

ವಾರ್ಡಿನ ಒಳಗೆ ಸಿಬ್ಬಂದಿ ತಾವೇ ಕಟ್ಟಿಕೊಂಡದ್ದೂ ಇದೆ, ಅದೂ ಸಣ್ಣದಲ್ಲ. ಬಿಳಿ ಗೌನು ಹಾಕಿದ ಮೇಲೆ ಯಾರು ಯಾರೋ ಗೊತ್ತಾಗದು ಅಂತ ಎದೆಯ ಮೇಲೆ, ಬೆನ್ನ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಂಡರು. ಗೌನು ಬಿಚ್ಚುವಾಗಲೇ ಸೋಂಕು ತಗಲುವ ಅಪಾಯ ಜಾಸ್ತಿ. ದಣಿದ ಕೈ ಅಭ್ಯಾಸ ಬಲದಿಂದ ಮುಖ ಮುಟ್ಟಿಬಿಡುತ್ತದೆ. ಅದಕ್ಕೆ ಒಬ್ಬರು ಬಿಚ್ಚುವಾಗ ಇನ್ನೊಬ್ಬರು ಎದುರು ನಿಂತು ನೋಡುವ ಜೋಡಿ ಪದ್ಧತಿ. ಎಬೋಲಾ ಕಾಲದಲ್ಲಿ ಪಶ್ಚಿಮ ಆಫ್ರಿಕಾದಲ್ಲೂ ಇದೇ ಪದ್ಧತಿ ಇತ್ತು. ನೀರು ಕುಡಿದರೆ ಶೌಚಕ್ಕೆ ಹೋಗಬೇಕು, ಹೋದರೆ ಒಂದು ಗೌನು ಹಾಳು ಅಂತ ಆರು ಗಂಟೆ ನೀರು ಮುಟ್ಟದವರಿದ್ದರು. ಮುಟ್ಟಿನ ದಿನಗಳಲ್ಲೂ. ಇದನ್ನು ತ್ಯಾಗ ಅಂತ ಕರೆದು ಕೈಮುಗಿಯುವ ಮೊದಲು, ಒಂದು ಗೌನು ಜಾಸ್ತಿ ಇದ್ದಿದ್ದರೆ ಇದು ಬೇಕಿತ್ತಾ ಅಂತ ಕೇಳಲೇಬೇಕು.

ಮಿತಿ ಮೀರಿದ್ದಕ್ಕೆ ಬೆಲೆಯೂ ತೆತ್ತದ್ದಾಗಿದೆ. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ ಸುಮಾರು 1,15,500 ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ಸತ್ತಿರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು.

ಊರೊಳಗಿನ ಕಾವಲು

ಆಸ್ಪತ್ರೆಯ ಗೇಟಿನ ಹೊರಗೂ ಇದೇ ಕತೆ. ಕರ್ನಾಟಕದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ಬೆಂಗಳೂರಿನಿಂದ ಯಾರು ಬಂದರು, ಯಾರ ಮನೆಯಲ್ಲಿ ಜ್ವರ, ಯಾರು ಬಸುರಿ, ಯಾರಿಗೆ ಸಕ್ಕರೆ ಕಾಯಿಲೆ ಅನ್ನುವುದೆಲ್ಲ ಅವರ ನೋಟ್‌ಬುಕ್ಕಿನಲ್ಲಿತ್ತು. ಮನೆಮನೆ ಸರ್ವೆ ಮಾಡಿದವರು, ಕ್ವಾರಂಟೈನ್ ಮನೆಗೆ ದಿನಾ ಹೋಗಿ ಬಂದವರು ಅವರೇ. ಕೆಲವು ಕಡೆ ಬೈಗುಳ ತಿಂದರು, ಏಟೂ ತಿಂದರು. ಆರೋಗ್ಯ ಸಿಬ್ಬಂದಿ ಮೇಲೆ ಹಲ್ಲೆ ಮಾಡಿ ಗಂಭೀರ ಗಾಯ ಮಾಡಿದರೆ ಏಳು ವರ್ಷದವರೆಗೆ ಜೈಲು ಅಂತ 2020ರ ಏಪ್ರಿಲ್ 22ರಂದು ಸುಗ್ರೀವಾಜ್ಞೆ ತರಬೇಕಾಗಿ ಬಂತು ಅಂದರೆ ಪರಿಸ್ಥಿತಿ ಹೇಗಿತ್ತು ನೋಡಿ.

ಲೆಕ್ಕದಲ್ಲಿ ಆಶಾ ನೌಕರರಲ್ಲ, ಸ್ವಯಂಸೇವಕಿ. ಆದ್ದರಿಂದ ಸಂಬಳ ಇಲ್ಲ, ಗೌರವಧನ. 2020ರ ಜುಲೈ 10ರಿಂದ, ಸೋಂಕು ಏರುತ್ತಿದ್ದ ಹೊತ್ತಿನಲ್ಲೇ, ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಮಾಸ್ಕು, ಗ್ಲೌಸು, ಸ್ಯಾನಿಟೈಸರ್ ಕೊಡಿ ಅಂತ ಕೇಳಿದರು. ಇಂಥ ಹೊತ್ತಲ್ಲಿ ಮುಷ್ಕರ ಮಾಡುವುದಾ ಅಂತ ಕೇಳಿದವರಿದ್ದರು. ನನ್ನ ಮಟ್ಟಿಗೆ ಆ ಮುಷ್ಕರವೂ ಗಟ್ಟಿತನವೇ. ರಾತ್ರಿ ಪಾಳಿಯ ಸಿಸ್ಟರ್ ಸ್ಟೋರಿಗೆ ಫೋನ್ ಮಾಡಿ ‘ಸಿಲಿಂಡರ್ ಸಾಲಲ್ಲ, ಈಗಲೇ ಕಳಿಸಿ’ ಅಂತ ಗದರುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಕೊರತೆಯನ್ನು ಒಳಗೇ ನುಂಗಿಕೊಂಡರೆ ಮೇಲಿನವರಿಗೆ ಅದು ಕಾಣುವುದೇ ಇಲ್ಲ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ 10 ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಅವರಿಗೆ ಸಿಗಲೇಬೇಕಿದ್ದ ಗೌರವ ಅದು. ಅದಾಗಿ ಎರಡೂವರೆ ವರ್ಷ ಕಳೆದು, 2025ರ ಜನವರಿಯ ಚಳಿಯಲ್ಲಿ, ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಈ ಸಲ ಕೇಳಿದ್ದು ತಿಂಗಳಿಗೆ 15,000. ನಾಲ್ಕನೇ ದಿನ 10,000 ಸಿಗುವ ಹಾಗೆ ಮಾಡುತ್ತೇವೆ ಅನ್ನುವ ಭರವಸೆ ಸಿಕ್ಕಿದ ಮೇಲೆ ಹಾಸಿದ್ದನ್ನು ಮಡಚಿಕೊಂಡು, ಬಸ್ಸು ಹಿಡಿದು ಊರಿಗೆ ಹೋದರು. ಅಲ್ಲಿ ಬಸುರಿಯರ ಪಟ್ಟಿ, ಲಸಿಕೆಯ ಪಟ್ಟಿ ಅವರಿಗಾಗಿ ಕಾಯುತ್ತಿತ್ತು.